ಗಂಡು ನೋಟ: ಕಾರಿನ ಜಾಹೀರಾತಿನಲ್ಲಿ ಅವಳ ಉಡುಗೆ ಯಾರಿಗಾಗಿ?

ಗಂಡಸರು ಹೆಂಗಸರನ್ನು ದಿಟ್ಟಿಸಿ ನೋಡುವುದಕ್ಕೆ ಮಾತ್ರ 'ಗಂಡು ನೋಟ' ಎನ್ನುವುದಿಲ್ಲ. ಒಂದು ಚಿತ್ರವನ್ನು ಕಟ್ಟುವ ರೀತಿಗೂ ಅದೇ ಹೆಸರು. ಇಂಗ್ಲಿಷಿನಲ್ಲಿ ಇದು ಮೇಲ್ ಗೇಜ್. ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ 'ಸ್ಕ್ರೀನ್' ಪತ್ರಿಕೆಯ ಲೇಖನವೊಂದರಲ್ಲಿ ಇದನ್ನು ವಿವರಿಸಿದರು. ಅವರು ಬರೆದದ್ದು ಹಾಲಿವುಡ್ ಸಿನಿಮಾ ಬಗ್ಗೆ. ಕ್ಯಾಮೆರಾ, ಕಥೆಯೊಳಗಿನ ಗಂಡು, ಪರದೆ ಮುಂದೆ ಕೂತ ಪ್ರೇಕ್ಷಕ, ಈ ಮೂವರ ಕಣ್ಣೂ ಒಂದೇ ಕಡೆ, ಕಥೆಯ ಹೆಣ್ಣಿನ ಮೇಲೆ, ನೆಡುತ್ತದೆ. ಅವನು ಕಥೆ ನಡೆಸುತ್ತಾನೆ, ಅವಳು ಸುಮ್ನೆ ನೋಡಿಸಿಕೊಳ್ಳುತ್ತಾಳೆ. ನೋಡಲು ಕೂತವರು ಹೆಂಗಸರಾದರೂ ಅದೇ ಕಣ್ಣಿನಿಂದಲೇ ನೋಡಬೇಕಾಗುತ್ತದೆ.

ಕಾರಿನ ಜಾಹೀರಾತಿನಲ್ಲಿ ಇದು ಎದ್ದು ಕಾಣುತ್ತದೆ. ಕೊಳ್ಳುವವನು ಗಂಡಸೇ ಎಂದು ಅಲ್ಲಿ ಬಹಳ ಕಾಲ ನಂಬಿದ್ದರು. 2012ರ ಫೆಬ್ರುವರಿಯಲ್ಲಿ, ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯದ ನಡುವೆ ಫಿಯೆಟ್ 500 ಅಬಾರ್ತ್ ಕಾರಿನ ಜಾಹೀರಾತು ಬಂತು. ಬೀದಿಯಲ್ಲಿ ಒಬ್ಬ ಗಂಡಸು ಸುಂದರಿಯೊಬ್ಬಳನ್ನು ಕಣ್ಣು ಕೀಳದೆ ನೋಡುತ್ತಾನೆ. ಅವಳು ಕೆನ್ನೆಗೆ ಹೊಡೆದು, ಇಟಾಲಿಯನ್ನಿನಲ್ಲಿ ಬೈದು, ಆಮೇಲೆ ಮೈಮೇಲೆ ಬೀಳುವಷ್ಟು ಹತ್ತಿರ ಬರುತ್ತಾಳೆ. ಅವನು ಎಚ್ಚೆತ್ತು ನೋಡಿದರೆ ಅಲ್ಲಿರುವುದು ಕಾರು! ಹೆಣ್ಣೇ ಕಾರು, ಕಾರೇ ಹೆಣ್ಣು. ಎಷ್ಟೇ ಚುರುಕಾಗಿ ತೆಗೆದಿದ್ದರೂ ನನಗೆ ಇದು ಹಿಡಿಸುವುದಿಲ್ಲ. ಅವಳ ಸಿಟ್ಟು ಕೂಡ ಅವನ ಕನಸಿಗೆ ಒಗ್ಗರಣೆಯಾಯಿತು, ಅಷ್ಟೇ.

ಈಗ 1987ಕ್ಕೆ ಹೋಗೋಣ. ಬ್ರಿಟನ್ನಿನ ಟಿವಿಯಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಾಹೀರಾತು, ಹೆಸರು 'ಚೇಂಜಸ್'. ನಿರ್ದೇಶಕ ಡೇವಿಡ್ ಬೇಲಿ, ಹೆಸರಾಂತ ಫ್ಯಾಷನ್ ಫೋಟೊಗ್ರಾಫರ್. ಮಾಡೆಲ್ ಪೌಲಾ ಹ್ಯಾಮಿಲ್ಟನ್. ಮುರಿದ ಸಂಬಂಧದಿಂದ ಅವಳು ಹೊರಗೆ ನಡೆಯುತ್ತಾಳೆ. ಮದುವೆಯ ಉಂಗುರವನ್ನು ಬಾಗಿಲಿನ ಅಂಚೆಕಿಂಡಿಯೊಳಗೆ ಹಾಕುತ್ತಾಳೆ. ಒಡವೆ ಕಳಚುತ್ತಾಳೆ. ತುಪ್ಪಳದ ಕೋಟನ್ನೂ ಬಿಟ್ಟು ನಡೆಯುತ್ತಾಳೆ. ಕೊನೆಗೆ ಕಾರಿನ ಕೀಲಿಯನ್ನೂ ಚರಂಡಿಗೆ ಬಿಡಲು ಹೊರಟವಳು ಕೈ ತಡೆಯುತ್ತಾಳೆ. ನಗುತ್ತಾ ಕಾರು ಹತ್ತಿ ಹೊರಡುತ್ತಾಳೆ.

ಇಲ್ಲಿ ಫ್ಯಾಷನ್ ಕಡಿಮೆಯೇನಿಲ್ಲ. ಪ್ರತಿ ಚೌಕಟ್ಟೂ ಮ್ಯಾಗಜೀನ್ ಪುಟದಂತಿದೆ. ಆದರೆ ಕಳಚುವ ಕೆಲಸದ ಅರ್ಥವೇ ಬೇರೆ. ನೋಡುವವರ ಖುಷಿಗೆ ಅವಳು ಏನನ್ನೂ ತೆಗೆಯುತ್ತಿಲ್ಲ. ಕೋಟು, ಒಡವೆ ಎಲ್ಲ ಆ ಮದುವೆಯ ಗುರುತು, ಅದಕ್ಕೇ ಬೇಡ. ಏನನ್ನು ಬಿಡಬೇಕು, ಏನನ್ನು ಇಟ್ಟುಕೊಳ್ಳಬೇಕು ಅನ್ನೋದು ಅವಳ ತೀರ್ಮಾನ. ಕ್ಯಾಮೆರಾ ಅದರ ಹಿಂದೆ ಹೋಗುತ್ತದೆ. ಹಾಗಂತ ಕಂಪನಿ ಸ್ತ್ರೀವಾದ ಸಾರಲು ಹೊರಟಿರಲಿಲ್ಲ. ಗಂಡ ಕೈಕೊಟ್ಟರೂ ನಮ್ಮ ಕಾರು ಕೈಕೊಡದು ಎಂಬುದೇ ಮಾರಾಟದ ಮಾತು. ಆದರೂ ಕೀಲಿ ಅವಳ ಕೈಯಲ್ಲಿದೆ ಅಲ್ವಾ? ನನಗೆ ಅದು ದೊಡ್ಡ ವ್ಯತ್ಯಾಸ.

ಹೆಣ್ಣನ್ನು ಚಾಲಕಿಯಾಗಿ ತೋರಿಸಿದರೆ ಸಾಕು ಎಂದೂ ಹೇಳಲಾಗದು. 1955ರಲ್ಲಿ ಅಮೆರಿಕದ ಡಾಡ್ಜ್ ಕಂಪನಿ ಹೆಂಗಸರಿಗೆಂದೇ 'ಲಾ ಫೆಮ್' ಕಾರು ತಂದಿತು. ಗುಲಾಬಿ-ಬಿಳಿ ಬಣ್ಣ, ಅದಕ್ಕೊಪ್ಪುವ ಕೈಚೀಲ, ಲಿಪ್‌ಸ್ಟಿಕ್ ಡಬ್ಬಿ, ಕೊಡೆ, ಮಳೆಕೋಟು. ಯಂತ್ರದಲ್ಲಿ ಹೊಸದೇನೂ ಇರಲಿಲ್ಲ. ಜಾಸ್ತಿ ಮಾರಾಟವಾಗದೆ ಎರಡೇ ವರ್ಷಕ್ಕೆ ನಿಂತಿತು. ಸ್ಟಿಯರಿಂಗ್ ಹಿಂದೆ ಕೂತರೂ ಅವಳು ಕಾರಿನ ಬಣ್ಣಕ್ಕೆ ಹೊಂದುವ ಅಲಂಕಾರವೇ ಆಗಿದ್ದಳು.

ಹಾಗಾದರೆ ಚೆಂದದ ಉಡುಗೆ ತೊಟ್ಟ ಹುಡುಗಿಯನ್ನು ತೋರಿಸಲೇಬಾರದಾ? ಧಾರಾಳವಾಗಿ ತೋರಿಸಬಹುದು. 1991ರಿಂದ 1998ರವರೆಗೆ ಬ್ರಿಟನ್ನಿನಲ್ಲಿ ಓಡಿದ ರೆನೊ ಕ್ಲಿಯೊ ಕಾರಿನ ಜಾಹೀರಾತು ಸರಣಿಯ ನಿಕೋಲ್ ಅಂದಗಾತಿ, ಸೊಗಸುಗಾತಿ. ಅಪ್ಪ ತೂಕಡಿಸುವ ಹೊತ್ತು ನೋಡಿ ಅವಳು ಗೆಳೆಯನನ್ನು ಕಾಣಲು ಕಾರು ತೆಗೆಯುತ್ತಾಳೆ. ಅಪ್ಪನೂ ಗುಟ್ಟಾಗಿ ತನ್ನ ಭೇಟಿಗೆ ಹೊರಡುತ್ತಾನೆ. ಅವಳ ಬಟ್ಟೆ ನಮಗೆ ಇಷ್ಟವಾಗಬಹುದು. ನಾವು ಕಾಯುವುದು ಮಾತ್ರ ಅವಳು ಮುಂದೇನು ಮಾಡುತ್ತಾಳೆ ಅನ್ನೋದಕ್ಕೆ.