ಎಕ್ಸ್‌ಚೇಂಜ್‌ಗೆ ಯೂನಿವರ್ಸಿಟಿ ಆರಿಸೋ ಮುಂಚೆ ಟೈಮ್‌ಟೇಬಲ್ ನೋಡಿ
ಒಂದು ಸೆಮಿಸ್ಟರ್ ಹೊರದೇಶದ ಪಾರ್ಟ್‌ನರ್ ಯೂನಿವರ್ಸಿಟೀಲಿ ಓದಿ ಬರೋ ಎಕ್ಸ್‌ಚೇಂಜ್‌ಗೆ ಅಪ್ಲಿಕೇಶನ್ ಓಪನ್ ಆಗಿದ್ದೇ ತಡ, ನಮ್ಮ ಆಫೀಸಿಗೆ ಬರೋರೆಲ್ಲ ಕೇಳೋದು ಒಂದೇ ಪ್ರಶ್ನೆ, ಪಾರ್ಟ್‌ನರ್ ಲಿಸ್ಟಲ್ಲಿ ರ್ಯಾಂಕಿಂಗ್ ಜಾಸ್ತಿ ಇರೋದು ಯಾವ್ದು ಅಂತ. ಒಂದೇ ಸೆಮಿಸ್ಟರ್‌ಗೆ ಹೋಗೋರಿಗೆ ಇದರಿಂದ ಅಂಥಾ ಉಪಯೋಗ ಏನೂ ಇಲ್ಲ. ಶಾಂಘೈ ರ್ಯಾಂಕಿಂಗ್ ಅಂತ ಇದ್ಯಲ್ಲ, 2003ರಲ್ಲಿ ಶುರುವಾಗಿದ್ದು, ಅದ್ರಲ್ಲಿ ಹಳೇ ವಿದ್ಯಾರ್ಥಿಗಳು ನೊಬೆಲ್ ಇಲ್ಲಾ ಗಣಿತಕ್ಕೆ ಕೊಡೋ ಫೀಲ್ಡ್ಸ್ ಮೆಡಲ್ ಗೆದ್ದಿದ್ರೆ ಅದಕ್ಕೆ 10 ಪರ್ಸೆಂಟ್, ಅಲ್ಲಿನ ಸ್ಟಾಫ್ ಗೆದ್ದಿದ್ರೆ 20 ಪರ್ಸೆಂಟ್ ತೂಕ. ಸರಿ, ಗೆದ್ದಿರ್ಲಿ, ಆದ್ರೆ ಆ ಪ್ರೊಫೆಸರ್ ಬಂದು ನಿಮ್ಮ ಮೂರನೇ ವರ್ಷದ ಕ್ಲಾಸ್ ತಗೊಳ್ತಾರೆ ಅನ್ನೋ ಗ್ಯಾರಂಟಿ ಎಲ್ಲಿದೆ? ನೀವು ನಿಜವಾಗ್ಲೂ ಹೋಗ್ತಿರೋದು ಒಂದು ಡಿಪಾರ್ಟ್‌ಮೆಂಟಿಗೆ, ಅದೂ ಆ ಆರು ತಿಂಗಳಲ್ಲಿ ಅಲ್ಲಿ ನಡೆಯೋ ನಾಲ್ಕೈದು ಕೋರ್ಸಿಗೆ.

ಹಾಗಾಗಿ ಮೊದಲು ತೆಗೀಬೇಕಾಗಿರೋದು ಕೋರ್ಸ್ ಲಿಸ್ಟ್. ವೆಬ್‌ಸೈಟಲ್ಲಿ ಕಾಣೋ ದೊಡ್ಡ ಕ್ಯಾಟಲಾಗ್ ನಂಬ್ಕೋಬೇಡಿ, ಅದ್ರಲ್ಲಿ ಎರಡು ವರ್ಷಕ್ಕೊಂದ್ಸಲ ನಡೆಯೋ ಕೋರ್ಸೂ ಇರತ್ತೆ, ಲೋಕಲ್ ಭಾಷೇಲಿ ಮಾತ್ರ ನಡೆಯೋದೂ ಇರತ್ತೆ, ಎಕ್ಸ್‌ಚೇಂಜ್‌ನವರಿಗೆ ಸೀಟೇ ಕೊಡದೇ ಇರೋದೂ ಇರತ್ತೆ. ಹೋದ ವರ್ಷ ಇದೇ ಸೆಮಿಸ್ಟರ್‌ದು ಟೈಮ್‌ಟೇಬಲ್ ಸಿಗತ್ತಾ ಹುಡುಕಿ, ನೀವು ಸ್ಪ್ರಿಂಗಲ್ಲಿ ಹೋಗ್ತಿದ್ರೆ ಸ್ಪ್ರಿಂಗ್‌ದೇ ನೋಡ್ಬೇಕು, ಆಟಮ್‌ದು ನೋಡಿ ಖುಷಿಪಟ್ಟು ಪ್ರಯೋಜನ ಇಲ್ಲ. ಇನ್ನೊಂದು ವಿಷಯ ತುಂಬಾ ಜನರ ಗಮನಕ್ಕೆ ಬರಲ್ಲ. ಎಷ್ಟೋ ಒಪ್ಪಂದಗಳು ಇಡೀ ಯೂನಿವರ್ಸಿಟಿ ಜೊತೆ ಇರಲ್ಲ, ಒಂದು ವಿಭಾಗದ ಮಟ್ಟಕ್ಕೆ ಮಾತ್ರ ಇರ್ತವೆ. ಯೂರೋಪಲ್ಲಿ 1987ರಿಂದ ನಡೀತಿರೋ ಎರಾಸ್ಮಸ್ ಅನ್ನೋ ಎಕ್ಸ್‌ಚೇಂಜ್ ಪ್ರೋಗ್ರಾಮಲ್ಲಿ ಇದು ಮಾಮೂಲು. ಬಿಸಿನೆಸ್ ಸ್ಕೂಲ್ ಒಪ್ಪಂದದಲ್ಲಿ ಹೋಗಿ ಕಂಪ್ಯೂಟರ್ ಸೈನ್ಸ್ ಕೋರ್ಸ್ ಕೇಳಿದ್ರೆ ಕೊಟ್ರೂ ಕೊಡಬಹುದು, ಬಿಟ್ರೂ ಬಿಡಬಹುದು. ಇದನ್ನ ಅಪ್ಲಿಕೇಶನ್ ಹಾಕೋ ಮುಂಚೇನೇ ಮೇಲ್ ಹಾಕಿ ಕೇಳಿ, ಉತ್ತರ ಬರೋದು ಒಂದು ವಾರ ಆದ್ರೂ ಪರ್ವಾಗಿಲ್ಲ.

ಆಮೇಲೆ ಕ್ರೆಡಿಟ್ ಲೆಕ್ಕ. ಯೂರೋಪಿನ ಇಸಿಟಿಎಸ್ ಅನ್ನೋ ಕ್ರೆಡಿಟ್ ಪದ್ಧತೀಲಿ ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರ್‌ಗೆ 30, ಒಂದು ಕ್ರೆಡಿಟ್ ಅಂದ್ರೆ ಸುಮಾರು 25ರಿಂದ 30 ಗಂಟೆ ಕೆಲಸ. ಇದು ಕ್ಲಾಸಲ್ಲಿ ಕೂರೋ ಗಂಟೆ ಮಾತ್ರ ಅಲ್ಲ, ಓದೋದು, ಬರೆಯೋದು, ಎಕ್ಸಾಮ್ ತಯಾರಿ ಎಲ್ಲ ಸೇರಿ. ವಾರಕ್ಕೆ ಮೂರೇ ದಿನ ಕ್ಲಾಸ್ ಇದೆ ಅಂತ ಟ್ರಿಪ್ ಪ್ಲಾನ್ ಮಾಡ್ಕೊಂಡು ಹೋದೋರು ಆಮೇಲೆ ರೀಡಿಂಗ್ ಲಿಸ್ಟ್ ನೋಡಿ ಕಂಗಾಲಾಗೋದು ಇದಕ್ಕೇನೇ. ಸ್ವೀಡನ್ನಲ್ಲಂತೂ ಎಷ್ಟೋ ಕಡೆ ನಾಲ್ಕು ಕೋರ್ಸ್ ಒಟ್ಟಿಗೆ ನಡೆಯಲ್ಲ, 7.5 ಕ್ರೆಡಿಟ್‌ದು ಒಂದೊಂದೇ ಕೋರ್ಸ್ ಮುಗಿಸಿ ಎಕ್ಸಾಮ್ ಬರೆದು ಮುಂದಿನದಕ್ಕೆ ಹೋಗ್ಬೇಕು. ಒಂದೇ ವಿಷಯದ ಹಿಂದೆ ಬೀಳೋರಿಗೆ ಇದು ಹಬ್ಬ, ನಿಧಾನಕ್ಕೆ ಹತ್ತೋ ಸ್ವಭಾವದವರಿಗೆ ಮೊದಲ ಎಕ್ಸಾಮ್ ಬಂದಾಗ ಊರು ಕೂಡ ಪರಿಚಯ ಆಗಿರಲ್ಲ.

ಅಲ್ಲಿ ಯಾವ ಕೋರ್ಸ್ ತಗೊಳ್ತೀರ ಅಂತ ಮೊದಲೇ ಬರೆದು ಒಪ್ಪಿಸೋ ಲರ್ನಿಂಗ್ ಅಗ್ರಿಮೆಂಟಿಗೆ ನಿಮ್ಮದು, ನಿಮ್ಮ ಕಾಲೇಜಿಂದು, ಅಲ್ಲಿಯವರದ್ದು ಮೂರೂ ಸೈನ್ ಬೀಳೋವರೆಗೂ ಟಿಕೆಟ್ ಬುಕ್ ಮಾಡೋ ಆತುರ ಬೇಡ. ಬೇಕಾಗಿರೋದಕ್ಕಿಂತ ಮೂರ್ನಾಲ್ಕು ಕೋರ್ಸ್ ಜಾಸ್ತೀನೇ ಅಪ್ರೂವ್ ಮಾಡಿಸ್ಕೊಂಡು ಇಟ್ಕೊಳಿ, ಯಾಕಂದ್ರೆ ಮೊದಲ ವಾರ ಏನೋ ಒಂದು ಕ್ಲಾಶ್ ಆಗತ್ತೆ ಇಲ್ಲಾ ಫುಲ್ ಆಗಿರತ್ತೆ, ಆಗ ಇಲ್ಲಿನ ಪ್ರೊಫೆಸರ್ ರಜೆಯಲ್ಲಿದ್ರೆ ಸೈನ್ ಹಾಕೋರು ಯಾರು?

ಮಾರ್ಕ್ಸ್ ವಿಷಯ ಇನ್ನೂ ನಾಜೂಕು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬಂದ್ರೆ ಪಾಸ್ ಅಷ್ಟೆ. ಡೆನ್ಮಾರ್ಕಲ್ಲಿ 12ರಿಂದ ಮೈನಸ್ 3ರವರೆಗೆ. ಫ್ರಾನ್ಸಲ್ಲಿ 20ಕ್ಕೆ ಕೊಡ್ತಾರೆ, 10 ಬಂದ್ರೆ ಪಾಸ್, 16 ಬಂದ್ರೆ ತುಂಬಾ ಚೆನ್ನಾಗಿ ಮಾಡಿದ್ದೀರ ಅಂತ. ಆ 16ನ್ನ ನಿಮ್ಮ ಕಾಲೇಜು ಸೀದಾ ಗುಣಾಕಾರ ಮಾಡಿ 80 ಪರ್ಸೆಂಟ್ ಅಂತ ಬರ್ಕೊಳತ್ತಾ, ಅಥವಾ ಸರಿಯಾದ ಕನ್ವರ್ಶನ್ ಟೇಬಲ್ ಇದ್ಯಾ, ಅಥವಾ ಬರೀ ಪಾಸ್ ಅಂತ ಹಾಕಿ ಒಟ್ಟು ಆವರೇಜಿಗೆ ಸೇರಿಸೋದೇ ಇಲ್ವಾ? ಮುಂದೆ ಮಾಸ್ಟರ್ಸ್‌ಗೆ ಹಾಕೋ ಯೋಚನೆ ಇರೋರು ಇದನ್ನ ಬರಹದಲ್ಲೇ ತಗೊಳ್ಳಿ. ನನ್ನ ಕೇಳಿದ್ರೆ ಆವರೇಜಿಗೆ ಸೇರಿಸದೇ ಇರೋ ವ್ಯವಸ್ಥೆ ವಾಸಿ, ಕಷ್ಟದ ಕೋರ್ಸ್ ತಗೊಳ್ಳೋಕೆ ಧೈರ್ಯ ಬರತ್ತೆ.

ಕ್ಯಾಲೆಂಡರ್ ಹೊಂದದೇ ಇದ್ರೆ ಮೇಲಿನದ್ದೆಲ್ಲ ವ್ಯರ್ಥ. ಜರ್ಮನ್ ಯೂನಿವರ್ಸಿಟಿಗಳಲ್ಲಿ ವಿಂಟರ್ ಸೆಮಿಸ್ಟರ್ ಪಾಠ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಫೆಬ್ರವರಿವರೆಗೆ, ನಿಮ್ಮಲ್ಲಿ ಮುಂದಿನ ಸೆಮಿಸ್ಟರ್ ಜನವರೀಲೇ ಶುರು ಆದ್ರೆ ಎರಡೂ ಕಡೆ ಇರೋಕಾಗಲ್ಲ. ಆಸ್ಟ್ರೇಲಿಯಾದಲ್ಲಿ ಮೊದಲ ಸೆಮಿಸ್ಟರ್ ಫೆಬ್ರವರಿ-ಮಾರ್ಚಲ್ಲಿ ಶುರು, ಜಪಾನಲ್ಲಿ ಶೈಕ್ಷಣಿಕ ವರ್ಷಾನೇ ಏಪ್ರಿಲಲ್ಲಿ ಶುರು.

ದುಡ್ಡಿನ ಬಗ್ಗೆ ಜಾಸ್ತಿ ಹೇಳಲ್ಲ. ಒಪ್ಪಂದದ ಎಕ್ಸ್‌ಚೇಂಜ್ ಆದ್ರೆ ಸಾಮಾನ್ಯವಾಗಿ ಅಲ್ಲಿ ಟ್ಯೂಷನ್ ಫೀಸ್ ಇರಲ್ಲ, ನಿಮ್ಮ ಕಾಲೇಜಿನ ಫೀಸ್ ಕಟ್ಟಿದ್ರೆ ಸಾಕು. ಒಪ್ಪಂದ ಇಲ್ದೆ ನೀವಾಗೇ ಹೋದ್ರೆ ಅಲ್ಲಿನ ಫೀಸ್ ನಿಮ್ಮ ತಲೆ ಮೇಲೆ. ಆದ್ರೆ ರೂಮ್ ವಿಷಯ ಹುಷಾರು. ನೆದರ್ಲೆಂಡ್ಸಲ್ಲಿ ಮನೆ ಸಿಗೋದು ಎಷ್ಟು ಕಷ್ಟ ಅಂದ್ರೆ, ರೂಮ್ ಸಿಕ್ಕಿಲ್ಲ ಅಂದ್ರೆ ಬರಲೇಬೇಡಿ ಅಂತ ಯೂನಿವರ್ಸಿಟಿಗಳೇ ಹೊರದೇಶದ ವಿದ್ಯಾರ್ಥಿಗಳಿಗೆ ಹೇಳಿದ್ದುಂಟು. ಹಾಸ್ಟೆಲ್ ಗ್ಯಾರಂಟೀನಾ ಅಥವಾ ಬರೀ "ಸಹಾಯ ಮಾಡ್ತೀವಿ" ಅಂತಾನಾ, ಕೇಳಿ ತಿಳ್ಕೊಳಿ. ವೀಸಾಗೂ ಸಮಯ ಬಿಡಿ, ಯೂರೋಪಿನ ಎಷ್ಟೋ ದೇಶಗಳಿಗೆ ಒಟ್ಟಿಗೆ ಸಿಗೋ ಷೆಂಗೆನ್‌ನ ಶಾರ್ಟ್ ಸ್ಟೇ ವೀಸಾ ಸೆಮಿಸ್ಟರ್‌ಗೆ ಸಾಲಲ್ಲ, ಅದು 180 ದಿನದಲ್ಲಿ 90 ದಿನಕ್ಕೆ ಮಾತ್ರ.

ಹೋಗಿ ಬಂದಿರೋ ಸೀನಿಯರ್ಸ್ ಸಿಕ್ರೆ "ಹೇಗಿತ್ತು" ಅಂತ ಕೇಳ್ಬೇಡಿ, ಎಲ್ರೂ ಸೂಪರ್ ಅಂತಾರೆ. ಮೊದಲ ವಾರ ಯಾವ ಕೋರ್ಸ್ ಕೈ ತಪ್ಪಿತು, ಟ್ರಾನ್ಸ್‌ಕ್ರಿಪ್ಟ್, ಅಂದ್ರೆ ಅಲ್ಲಿನ ಮಾರ್ಕ್ಸ್ ಕಾರ್ಡ್, ಬರೋಕೆ ಎಷ್ಟು ದಿನ ಆಯ್ತು, ವಾಪಸ್ ಬಂದ್ಮೇಲೆ ಎಷ್ಟು ಕ್ರೆಡಿಟ್ ಸೇರ್ತು, ಇಷ್ಟು ಕೇಳಿ. ಅಪ್ಲಿಕೇಶನ್ನಲ್ಲಿ ಎರಡನೇ, ಮೂರನೇ ಆಯ್ಕೆಗೂ ಇದೇ ಹೋಮ್‌ವರ್ಕ್ ಮಾಡಿ. ಮೊದಲನೆಯದಕ್ಕೆ ಒಂದು ತಿಂಗಳು ತಲೆ ಕೆಡಿಸ್ಕೊಂಡು ಮೂರನೆಯದನ್ನ ಕೊನೇ ದಿನ ಸುಮ್ನೆ ತುಂಬೋರೇ ಜಾಸ್ತಿ, ಸೀಟ್ ಹಂಚೋವಾಗ ಅವರಲ್ಲಿ ಎಷ್ಟೋ ಜನಕ್ಕೆ ಸಿಗೋದು ಆ ಮೂರನೆಯದೇ.