ಬೀಸೋಕಲ್ಲಿನ ಲೆಕ್ಕದ ಎಂಜಿನ್

ಹಳೇ ಎಚ್‌ಎಎಲ್ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಬೆಳೆದವರಿಗೆ ಆವ್ರೊ ವಿಮಾನದ ಸದ್ದು ನೆನಪಿರಬೇಕು. ಗುಡುಗಿನಂಥ ಸದ್ದಲ್ಲ ಅದು. ಕಿವಿಗೆ ಸೂಜಿ ಚುಚ್ಚಿದಂಥ ಕೀರಲು. ಆ ಸದ್ದು ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್ನಿನದು. ಓವರ್‌ಹಾಲ್ ಶಾಪ್‌ನಲ್ಲಿ ಅದನ್ನು ಬಿಚ್ಚಿ ಜೋಡಿಸಿಯೇ ನಾನು ಕೆಲಸ ಕಲಿತದ್ದು. ನನ್ನ ಬಲಗಿವಿ ಸ್ವಲ್ಪ ಮಂದವಾಗಿದ್ದರೆ ಅದರಲ್ಲೂ ಡಾರ್ಟ್‌ನ ಪಾಲಿದೆ.

ಡಾರ್ಟ್ ಒಂದು ಟರ್ಬೊಪ್ರಾಪ್ ಎಂಜಿನ್. ಟರ್ಬೊಪ್ರಾಪ್ ಅಂದರೆ ಬೇರೇನಲ್ಲ, ಜೆಟ್ ಎಂಜಿನ್ನಿನ ಮುಂದೆ ಪ್ರೊಪೆಲ್ಲರ್ ಇದೆ ಅಷ್ಟೆ. ಉರಿದ ಗಾಳಿ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಪ್ರೊಪೆಲ್ಲರ್ ತಿರುಗಿಸುತ್ತದೆ. 1945ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಮೀಟಿಯೋರ್ ಫೈಟರ್‌ಗೆ ಹೀಗೆ ಪ್ರೊಪೆಲ್ಲರ್ ಕಟ್ಟಿ ಮೊದಲ ಸಲ ಹಾರಿಸಿದರು. ಮರುವರ್ಷ ಲಯನೆಲ್ ಹಾವರ್ತ್ ಅವರ ತಂಡದ ಡಾರ್ಟ್ ಪರೀಕ್ಷಾ ಕಟ್ಟೆ ಮೇಲೆ ಓಡಿತು. ಡೆವನ್ ಸೀಮೆಯ ಒಂದು ನದಿಯ ಹೆಸರು ಅದಕ್ಕೆ.

ಶುರುವಿನಲ್ಲಿ ಅದು ಹೇಳಿಕೊಳ್ಳುವಂಥ ಎಂಜಿನ್ ಆಗಿರಲಿಲ್ಲ. ಅಂದುಕೊಂಡದ್ದಕ್ಕಿಂತ ತೂಕ ಜಾಸ್ತಿ, ಶಕ್ತಿ ಕಡಿಮೆ. ಮೇಲಾಗಿ ಉರಿಯುವ ಮುಂಚೆ ಗಾಳಿಯನ್ನು ಒತ್ತಿ ಕೊಡುವ ಕಂಪ್ರೆಸರ್ ಹಳೇ ಕಾಲದ್ದು ಅನ್ನೋ ಮಾತು ಬೇರೆ. ಆಗ ಎಲ್ಲರ ಒಲವು ಆಕ್ಸಿಯಲ್ ಕಂಪ್ರೆಸರ್ ಕಡೆಗಿತ್ತು. ಅದರಲ್ಲಿ ಸಣ್ಣ ಸಣ್ಣ ಬ್ಲೇಡುಗಳ ಸಾಲುಗಳು ಒಂದರ ಹಿಂದೊಂದು ಇದ್ದು, ಗಾಳಿ ನೇರವಾಗಿ ಹಿಂದಕ್ಕೆ ಹೋಗುತ್ತಾ ಒತ್ತಡ ಏರುತ್ತದೆ. ಹಾವರ್ತ್ ತಂಡ ಸೆಂಟ್ರಿಫ್ಯೂಗಲ್ ಬಗೆಯನ್ನೇ ಹಿಡಿಯಿತು. ಗ್ರಿಫನ್ ಪಿಸ್ಟನ್ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಮಾಡಿದ ಅನುಭವ ಕಂಪನಿಗೆ ಇತ್ತು, ಅದನ್ನೇ ಬಳಸಿಕೊಂಡರು.

ಸೆಂಟ್ರಿಫ್ಯೂಗಲ್ ಅಂದರೆ ನಮ್ಮ ಬೀಸೋಕಲ್ಲಿನ ಲೆಕ್ಕ. ನಡುವಿನ ಕುಳಿಗೆ ರಾಗಿ ಹಾಕುತ್ತೀರಿ, ಹಿಟ್ಟು ಅಂಚಿನಿಂದ ಉದುರುತ್ತದೆ, ಅಲ್ವಾ? ಇಲ್ಲೂ ಗಾಳಿ ನಡುವಿನಿಂದ ಒಳಗೆ ಬಂದು ಚಕ್ರದ ಅಂಚಿನಿಂದ ರಭಸವಾಗಿ ಚಿಮ್ಮುತ್ತದೆ. ಡಾರ್ಟ್‌ನಲ್ಲಿ ಇಂಥ ಎರಡು ಚಕ್ರ. ತಿರುಗುವುದು ನಿಮಿಷಕ್ಕೆ ಸುಮಾರು 15,000 ಸುತ್ತು. ಅಲ್ಲಿಂದ ಗಾಳಿ ಏಳು ಉರಿ ಡಬ್ಬಿಗಳಿಗೆ ಹೋಗುತ್ತದೆ. ಆ ಡಬ್ಬಿಗಳನ್ನು ನೆಟ್ಟಗೆ ಜೋಡಿಸಿಲ್ಲ, ಓರೆಯಾಗಿ ಕೂರಿಸಿದ್ದಾರೆ. ಸುತ್ತಿಕೊಂಡು ಬರುವ ಗಾಳಿ ಹಾಗೇ ಒಳಗೆ ನುಗ್ಗುತ್ತದೆ, ಎಂಜಿನ್ನಿನ ಉದ್ದವೂ ಕಡಿಮೆಯಾಗುತ್ತದೆ. ಮೊದಲ ಸಲ ನೋಡಿದಾಗ ಯಾರೋ ತಪ್ಪಾಗಿ ಜೋಡಿಸಿದ್ದಾರೆ ಅಂತಲೇ ನನಗೆ ಅನಿಸಿತ್ತು.

ಸಾಲುಗಟ್ಟಿದ ತೆಳು ಬ್ಲೇಡುಗಳಿಗೆ ಧೂಳು, ಕಲ್ಲುಚೂರು ತಾಗಿದರೆ ಕಷ್ಟ. ದಪ್ಪ ಚಕ್ರಕ್ಕೆ ಅಷ್ಟು ಬೇಗ ಏನೂ ಆಗುವುದಿಲ್ಲ. ಮಣ್ಣಿನ ರನ್‌ವೇ ಇದ್ದ ದೇಶಗಳಲ್ಲಿ ಡಾರ್ಟ್ ಬಾಳಿದ್ದಕ್ಕೆ ಈ ಒರಟುತನವೇ ದೊಡ್ಡ ಕಾರಣ ಅಂತ ನನ್ನ ಲೆಕ್ಕ.

1948ರಲ್ಲಿ ನಾಲ್ಕು ಡಾರ್ಟ್ ಹೊತ್ತ ವಿಕರ್ಸ್ ವೈಕೌಂಟ್ ಹಾರಿತು. 1950ರ ಜುಲೈ 29ರಂದು ಅದು ಲಂಡನ್ನಿನ ನಾರ್ತೋಲ್ಟ್‌ನಿಂದ ಪ್ಯಾರಿಸ್‌ಗೆ ಟಿಕೆಟ್ ಕೊಂಡವರನ್ನು ಕರೆದೊಯ್ದಿತು. ಟರ್ಬೈನ್ ಎಂಜಿನ್ನಿನ ವಿಮಾನದಲ್ಲಿ ಜನ ದುಡ್ಡು ಕೊಟ್ಟು ಹೋದದ್ದು ಅದೇ ಮೊದಲು. ಪಿಸ್ಟನ್ ಎಂಜಿನ್ನಿನ ನಡುಕಕ್ಕೆ ಒಗ್ಗಿದ್ದ ಪ್ರಯಾಣಿಕರು ವೈಕೌಂಟ್‌ನಲ್ಲಿ ಟೇಬಲ್ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ನೋಡುತ್ತಿದ್ದರಂತೆ. ಆಮೇಲೆ ಫಾಕರ್ ಫ್ರೆಂಡ್‌ಶಿಪ್, ಆವ್ರೊ, ಜಪಾನಿನ ವೈಎಸ್-11, ಗಲ್ಫ್‌ಸ್ಟ್ರೀಮ್ 1 ಎಲ್ಲಕ್ಕೂ ಡಾರ್ಟೇ ಬೇಕಾಯಿತು. ಮೊದಮೊದಲು 1,000 ಕುದುರೆಶಕ್ತಿಗೆ ಏದುಸಿರು ಬಿಡುತ್ತಿದ್ದ ಎಂಜಿನ್ ಕೊನೆಕೊನೆಗೆ 3,000ದ ಹತ್ತಿರ ಬಂತು. 1987ರವರೆಗೂ ಅದನ್ನು ತಯಾರಿಸಿದರು.

ನಮ್ಮಲ್ಲಿ ಇಂಡಿಯನ್ ಏರ್‌ಲೈನ್ಸ್‌ಗೆ 1957ರಲ್ಲಿ ವೈಕೌಂಟ್ ಬಂತು. ಐಎನ್‌ಎಸ್ ವಿಕ್ರಾಂತ್ ಮೇಲಿನ ಅಲಿಝೆ ವಿಮಾನದ ಮೂತಿಯಲ್ಲೂ ಡಾರ್ಟ್ ಇತ್ತು. ಕಾನ್ಪುರದಲ್ಲಿ ಜೋಡಿಸಿದ ಮೊದಲ ಆವ್ರೊ ಹಾರಿದ್ದು 1961ರ ನವೆಂಬರ್ 1ರಂದು. ಅವುಗಳ ಎಂಜಿನ್ ಕೆಲಸಕ್ಕೆ ಬೆಂಗಳೂರಿನ ಎಚ್‌ಎಎಲ್ ಇತ್ತು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಏಪ್ರಿಲ್ ಮಧ್ಯಾಹ್ನ ಗಾಳಿ ಇನ್ನೂ ತೆಳು. ಟೇಕಾಫ್‌ಗೆ ಶಕ್ತಿ ಸಾಲದು. ಅದಕ್ಕೆ ಮೆಥನಾಲ್ ಬೆರೆಸಿದ ನೀರನ್ನು ಎಂಜಿನ್ನಿಗೆ ಚಿಮ್ಮಿಸುತ್ತಿದ್ದರು. ಬೆಂಕಿಗೆ ನೀರಾ ಅಂತ ಹೊಸಬರು ನಗುತ್ತಾರೆ. ನೀರು ಗಾಳಿಯನ್ನು ತಣ್ಣಗೆ, ಗಟ್ಟಿ ಮಾಡುತ್ತದೆ. ಮೆಥನಾಲ್ ತಾನೂ ಉರಿದು ಕಳೆದ ಶಾಖವನ್ನು ತುಂಬಿಕೊಡುತ್ತದೆ.

ಪೈಲಟ್‌ಗಳು ಹೊಗಳುತ್ತಿದ್ದದ್ದು ಮಾತ್ರ ಬೇರೆಯದನ್ನು. ನೆಲ ಮುಟ್ಟಿದ ಮೇಲೆ ಪ್ರೊಪೆಲ್ಲರ್ ಅಲಗುಗಳನ್ನು ಗಾಳಿಗೆ ಚಪ್ಪಟೆಯಾಗಿ ನಿಲ್ಲಿಸಬಹುದು. ಆಗ ಪ್ರೊಪೆಲ್ಲರ್ ಒಂದು ದೊಡ್ಡ ತಟ್ಟೆಯಂತೆ ಗಾಳಿಯನ್ನು ತಡೆಯುತ್ತದೆ. ಚಕ್ರದ ಬ್ರೇಕಿಗೆ ಅರ್ಧ ಕೆಲಸ ಉಳಿಯಿತು. ಇದೇ ಆಕಾಶದಲ್ಲಿ ಆದರೆ ಕಥೆ ಮುಗಿದಂತೆ. ಹಾಗಾಗಿ ಅಲಗು ಅಲ್ಲಿಗೆ ಹೋಗದಂತೆ ಒಂದು ತಡೆ ಇರುತ್ತದೆ. ಆ ತಡೆಯನ್ನು ನಾವು ಎರಡು ಸಲವಲ್ಲ, ಮೂರು ಸಲ ಪರೀಕ್ಷಿಸುತ್ತಿದ್ದೆವು.

ಡಾರ್ಟ್‌ನಲ್ಲಿ ಕಂಪ್ರೆಸರ್, ಟರ್ಬೈನ್, ಪ್ರೊಪೆಲ್ಲರ್ ಎಲ್ಲಕ್ಕೂ ಒಂದೇ ಶಾಫ್ಟ್, ನಡುವೆ ಗೇರ್. ಪ್ರೊಪೆಲ್ಲರನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರೆ ಒಳಗಿನ ಚಕ್ರ ಹತ್ತು ಸುತ್ತಿಗೂ ಜಾಸ್ತಿ ತಿರುಗುತ್ತದೆ. ಬೇರಿಂಗ್ ಸರಿಯಿದೆಯೋ ಇಲ್ಲವೋ ಅಂತ ತಿಳಿಯಲು ಇಷ್ಟು ಸಾಕು. ನನ್ನ ಹಿರಿಯರೊಬ್ಬರು ಎಂಜಿನ್ನಿನ ಹೊರಕವಚವಾದ ಕೌಲಿಂಗ್‌ಗೆ ಕಿವಿ ಆನಿಸಿ ನಿಲ್ಲುತ್ತಿದ್ದರು, ಅಲಗು ಹಿಡಿದು ನಿಧಾನಕ್ಕೆ ತಿರುಗಿಸುವ ಕೆಲಸ ನನ್ನದು. ಒಂದು ದಿನ ಜಾಗ ಬದಲಿಸಿದರು.

"ಏನಾದ್ರೂ ಕೇಳ್ತಾ ಇದೆಯೇನಯ್ಯ?"

"ಏನೂ ಇಲ್ಲ ಸಾರ್."

"ಇನ್ನೊಂದ್ ಸಲ ಕೇಳು."

ಮೂರನೇ ಸುತ್ತಿಗೆ ಕೇಳಿಸಿತು. ಒಣ ಎಲೆ ನೆಲಕ್ಕೆ ಉಜ್ಜಿದಷ್ಟು ಸಣ್ಣ ಸದ್ದು. ಎಂಜಿನ್ ಕೆಳಗಿಳಿಸಿದೆವು. ಅಷ್ಟರ ಹಿಂದಿನ ವಾರವೇ ಎಂಜಿನ್ ಆಫ್ ಮಾಡಿದ ಮೇಲೆ ಪ್ರೊಪೆಲ್ಲರ್ ನಿಲ್ಲಲು ಹಿಡಿಯುವ ಸೆಕೆಂಡು ಕಡಿಮೆಯಾಗುತ್ತಿದೆ ಅಂತ ಲಾಗ್‌ಬುಕ್‌ನಲ್ಲಿ ಬರೆದಿತ್ತು. ಬರೆದವನು ನಾನೇ. ಅದರ ಅರ್ಥ ಏನು ಅಂತ ಮಾತ್ರ ಹೊಳೆದಿರಲಿಲ್ಲ.

ಡಾರ್ಟ್ ಸೋತದ್ದು ಹೊಟ್ಟೆಬಾಕತನಕ್ಕೆ ಮತ್ತು ಗಂಟಲಿಗೆ. ಇಂಧನದ ಬೆಲೆ ಏರಿದ ಮೇಲೆ, ಸದ್ದಿನ ನಿಯಮ ಬಿಗಿಯಾದ ಮೇಲೆ ಅದನ್ನು ಇಟ್ಟುಕೊಳ್ಳುವುದು ಕಷ್ಟವಾಯಿತು. ಈಗ ಮೈಸೂರು, ಹುಬ್ಬಳ್ಳಿ ಕಡೆ ಹಾರುವ ಎಟಿಆರ್‌ಗೆ ಪ್ರಾಟ್ ಅಂಡ್ ವಿಟ್ನಿ ಎಂಜಿನ್. ಇಂಧನ ಕಡಿಮೆ ಕುಡಿಯುತ್ತದೆ, ಸದ್ದೂ ಕಡಿಮೆ. ಅದರ ಕಂಪ್ರೆಸರ್ ಬಿಚ್ಚಿದರೆ ಒಳಗೆ ಕಾಣುವುದು ಎರಡು ಸೆಂಟ್ರಿಫ್ಯೂಗಲ್ ಚಕ್ರ.