ಬಯಾಪ್ಸಿ ರಿಪೋರ್ಟಿನಲ್ಲಿ ‘ಟಿಐಎಲ್’ ಅಂದರೆ ಏನು?

ಸ್ತನ ಕ್ಯಾನ್ಸರಿನ ಬಯಾಪ್ಸಿ ರಿಪೋರ್ಟಿನಲ್ಲಿ ಕೆಲವೊಮ್ಮೆ ‘ಟಿಐಎಲ್ ಶೇ. 40’ ಅಂತ ಒಂದು ಸಾಲು ಇರುತ್ತದೆ. ಮಣಿಪಾಲದಲ್ಲೋ ದೇರಳಕಟ್ಟೆಯಲ್ಲೋ ರಿಪೋರ್ಟ್ ತಗೊಂಡು ಬಸ್ ಹತ್ತಿದವರು ಆ ಸಾಲಿನ ಫೋಟೋ ಮನೆಯ ಗ್ರೂಪಿಗೆ ಹಾಕುತ್ತಾರೆ, ‘ಅತ್ತೆಗೆ ನಲವತ್ತು ಪರ್ಸೆಂಟ್ ಹರಡಿದೆಯಂತೆ’ ಅಂತ ಒಬ್ಬರು ಬರೆದರೆ ಸಾಕು, ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಅದು ಹರಡಿದ ಲೆಕ್ಕ ಅಲ್ಲವೇ ಅಲ್ಲ.

ಟಿಐಎಲ್ ಅಂದರೆ ಗಡ್ಡೆಯ ಒಳಗೆ ನುಗ್ಗಿರುವ ಲಿಂಫೋಸೈಟುಗಳು. ಇವು ನಮ್ಮದೇ ಬಿಳಿ ರಕ್ತಕಣಗಳು. ಗಡ್ಡೆಯ ತುಂಡನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕ್ಯಾನ್ಸರ್ ಕೋಶಗಳು ದೊಡ್ಡದಾಗಿ, ಅಡ್ಡಾದಿಡ್ಡಿಯಾಗಿ ಕಾಣುತ್ತವೆ. ಅವುಗಳ ನಡುವಿನ ಜಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಡುನೀಲಿ ಚುಕ್ಕೆಗಳು. ಆ ಚುಕ್ಕೆಗಳೇ ಲಿಂಫೋಸೈಟುಗಳು. ನಡುವಿನ ಜಾಗದಲ್ಲಿ ಎಷ್ಟು ಭಾಗವನ್ನು ಅವು ತುಂಬಿಕೊಂಡಿವೆ ಅಂತ ಪೆಥಾಲಜಿಸ್ಟ್ ಕಣ್ಣಂದಾಜಿನಲ್ಲಿ ಬರೆಯುವುದೇ ಈ ಶೇಕಡಾ.

ಅಲ್ಲಿ ಅವಕ್ಕೇನು ಕೆಲಸ? ಪ್ರತಿ ಕೋಶವೂ ತನ್ನೊಳಗಿನ ಪ್ರೋಟೀನಿನ ಚೂರುಗಳನ್ನು ಮೈಮೇಲೆ ತೋರಿಸುತ್ತಿರುತ್ತದೆ. ಚೂರು ಬೇರೆ ಥರ ಕಂಡರೆ ಟಿ ಕೋಶ ಎಂಬ ಬಗೆಯ ಲಿಂಫೋಸೈಟ್ ಆ ಕೋಶಕ್ಕೆ ಅಂಟಿಕೊಳ್ಳುತ್ತದೆ, ಪರ್ಫೊರಿನ್ ಎಂಬ ಪ್ರೋಟೀನಿನಿಂದ ಪೊರೆಗೆ ತೂತು ಮಾಡಿ ಕೋಶ ಕೊಲ್ಲುವ ಗ್ರಾಂಜೈಮ್ ಎಂಬ ಕಿಣ್ವವನ್ನು ಒಳಗೆ ಬಿಡುತ್ತದೆ, ಕ್ಯಾನ್ಸರ್ ಕೋಶ ಸಾಯುತ್ತದೆ. ಕೊಲ್ಲುವುದೊಂದೇ ದಾರಿ ಅಲ್ಲ. ಟಿ ಕೋಶ ಬಿಡುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನು, ಕ್ಯಾನ್ಸರ್ ಕೋಶ ಒಂದು ಎರಡಾಗುವ ವೇಗವನ್ನೇ ತಗ್ಗಿಸಬಲ್ಲದು. ಚೂರು ತೋರಿಸದೆ ಅಡಗುವ ಕೋಶಗಳನ್ನು ಹಿಡಿಯಲು ಎನ್‌ಕೆ ಕೋಶಗಳೆಂಬ ಇನ್ನೊಂದು ಬಗೆಯ ಲಿಂಫೋಸೈಟುಗಳಿವೆ.

ಮತ್ತೆ ಗಡ್ಡೆ ಬೆಳೆದದ್ದು ಹೇಗೆ, ಅಲ್ವಾ? ಎಷ್ಟೋ ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೈಮೇಲೆ ಇಟ್ಟುಕೊಂಡಿರುತ್ತವೆ. ಅದು ಟಿ ಕೋಶದ ಮೈಮೇಲಿರುವ ಪಿಡಿ-1 ಎಂಬ ಪ್ರೋಟೀನಿಗೆ ತಾಗಿದರೆ ಟಿ ಕೋಶ ಸುಮ್ಮನಾಗಿಬಿಡುತ್ತದೆ. ಪಿಡಿ-1 ಪತ್ತೆ ಮಾಡಿದ್ದು ಜಪಾನಿನ ತಸುಕು ಹೊಂಜೊ ಅವರ ತಂಡ, 1992ರಲ್ಲಿ. 2018ರ ನೊಬೆಲ್ ಅವರಿಗೂ ಅಮೆರಿಕದ ಜೇಮ್ಸ್ ಅಲಿಸನ್ ಅವರಿಗೂ ಸೇರಿ ಬಂತು. ಆ ಹಿಡಿತ ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಔಷಧವನ್ನು ಈಗ ಕೆಲವು ಟ್ರಿಪಲ್ ನೆಗೆಟಿವ್ (ಗಡ್ಡೆಯಲ್ಲಿ ಎರಡು ಹಾರ್ಮೋನ್ ಗ್ರಾಹಕಗಳೂ ಇಲ್ಲದ, ಹರ್-2 ಪ್ರೋಟೀನೂ ಹೆಚ್ಚಿಲ್ಲದ ಬಗೆ) ರೋಗಿಗಳಿಗೆ ಕೀಮೋ ಜೊತೆ ಕೊಡುತ್ತಾರೆ.

ಟ್ರಿಪಲ್ ನೆಗೆಟಿವ್ ಮತ್ತು ಹರ್-2 ಪಾಸಿಟಿವ್ (ಆ ಪ್ರೋಟೀನ್ ಹೆಚ್ಚಿರುವ) ಬಗೆಗಳಲ್ಲಿ ಟಿಐಎಲ್ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಒಳ್ಳೆಯ ಸೂಚನೆ, ಕೀಮೋಗೆ ಗಡ್ಡೆ ಕರಗುವ ಸಾಧ್ಯತೆ ಹೆಚ್ಚು. ಹಾರ್ಮೋನ್ ಪಾಸಿಟಿವ್ ಬಗೆಯಲ್ಲಿ ಲೆಕ್ಕ ಇಷ್ಟು ಸರಳ ಇಲ್ಲ, ಹಾಗಾಗಿ ನಿಮ್ಮದು ಯಾವ ಬಗೆ ಅಂತ ಡಾಕ್ಟರ ಹತ್ತಿರ ಮೊದಲು ಕೇಳಿ. ಟಿಐಎಲ್ ಏರಿಸುತ್ತೇವೆ ಅಂತ ಅಮೃತಬಳ್ಳಿ ಕಷಾಯಕ್ಕೆ ಕೂರಬೇಡಿ, ಅದರಿಂದ ಲಿವರಿಗೆ ಪೆಟ್ಟಾದದ್ದು ನಮ್ಮ ದೇಶದಲ್ಲೇ ವರದಿಯಾಗಿದೆ. ಈಗಾಗಲೇ ಕುಡಿಯುತ್ತಿದ್ದರೆ ಕೀಮೋ ಶುರುವಾಗುವ ಮೊದಲೇ ಡಾಕ್ಟರಿಗೆ ಹೇಳಿಬಿಡಿ.